ಮಗುಚಿದ ಹಳಿ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಜೇಬೆಜ್ ಹರೆಲ್ ಹಳಿಯ ಮೇಲೆ ಅಂಗೈ ಊರಿ ಕುಕ್ಕರಗಾಲಲ್ಲಿ ಕೂತಿದ್ದ. 1868ರ ಮಾರ್ಚ್. ಲಿಂಕನ್‌ಶೈರಿನ ಜೌಗು ಬಯಲಲ್ಲಿ ಎರಡು ಮೈಲಿ ರೈಲುದಾರಿಗೆ ಅವನು ಮೇಸ್ತ್ರಿ. ರೈಲ್ವೆ ಗೇಟಿನ ಪಕ್ಕ ಅವನಿರುವ ಮನೆ ಕಂಪನಿಯದು. ಮೇಸ್ತ್ರಿಗಿರಿ ಹೋದರೆ ಮನೆಯೂ ಹೋಗುತ್ತದೆ.

ಆ ಹಳಿಗೆ ಚಕ್ರ ಓಡುವ ತಲೆ ಮೇಲೂ ಒಂದು, ಕೆಳಗೂ ಒಂದು. ಮೇಲಿನದು ಸವೆದರೆ ಮಗುಚಿ ಹಾಕಿದರಾಯಿತು, ಒಂದು ಹಳಿಗೆ ಎರಡು ಆಯಸ್ಸು ಎಂಬುದು ಅದನ್ನು ಮಾಡಿದವರ ಲೆಕ್ಕ. ಜೇಬೆಜನಿಗೂ ಸರಿಯೆನಿಸಿತ್ತು. ಹೆಂಡತಿ ಕೆಜಾಯ ಅವನ ಹಳೇ ಕೋಟನ್ನು ಬಿಚ್ಚಿ, ಒಳಮೈ ಹೊರಗೆ ಮಾಡಿ ಹೊಲಿದುಕೊಟ್ಟಿದ್ದಳು. ಅದನ್ನು ತೊಟ್ಟೇ ಅವನು ಕಳೆದ ಶರತ್ಕಾಲದಲ್ಲಿ ಆಳುಗಳ ಜೊತೆ ಅರ್ಧ ಮೈಲಿ ಹಳಿ ಮಗುಚಿದ್ದ.

ಕೆಳತಲೆ ಮೇಲಕ್ಕೆ ಬಂದಾಗ ನೋಡಿದರೆ, ಹಳಿಯನ್ನು ಹಿಡಿದಿಡುವ ಎರಕದ ಪೀಠಗಳ ಮೇಲೆ ಕೂತಲ್ಲೆಲ್ಲ ತಗ್ಗು. ಆ ಪೀಠಕ್ಕೆ ಅವರ ಬಾಯಲ್ಲಿ ಕುರ್ಚಿ ಅಂತಲೇ ಹೆಸರು. "ಚಕ್ರ ಓಡ್ತಾ ಓಡ್ತಾ ಅದೇ ಇಸ್ತ್ರಿ ಹಾಕುತ್ತೆ ಬಿಡು" ಎಂದಿದ್ದ ಹಳಿಗಳ ಇನ್‌ಸ್ಪೆಕ್ಟರ್ ಗಾಡ್‌ಬಿ.

ಹಾಕಲಿಲ್ಲ. ಗಾಡಿ ಬಂದರೆ ಏಣಿಯ ಮೇಲೆ ಓಡಿದ ಹಾಗೆ ಕಟಕಟ. ಹಳಿಯನ್ನು ಕುರ್ಚಿಗೆ ಬಿಗಿಯಲು ಬೆಳಿಗ್ಗೆ ಹೊಡೆದ ಮರದ ಬೆಣೆ ಸಂಜೆಗೆ ಸಡಿಲ. ಜೇಬೆಜ್ ಜಲ್ಲಿ ತುಂಬಿದ, ಹಳಿಯಡಿಯ ಅಡ್ಡಮರದ ಸ್ಲೀಪರ್ ಬದಲಿಸಿದ, ಕಟಕಟ ನಿಲ್ಲಲಿಲ್ಲ. ಸವೆದ ಮುಖ ಸದ್ದಿಲ್ಲದೆ ಗಾಡಿ ಹೊತ್ತಿತ್ತು, ಹೊಸ ಮುಖ ಹಲ್ಲು ಕಡಿಯುತ್ತಿದೆ. ಹಾಗಾದರೆ ಹೊಸದು ಯಾವುದು?

"ಕೋಟು ತಿರುವಿದ್ರೆ ಹೊಸದಾಯ್ತು, ಹಳಿ ಯಾಕಾಗಲ್ಲ?" ಎಂದು ಭಾನುವಾರ ಊಟಕ್ಕೆ ಕೂತಾಗ ಕೇಳಿದ್ದ.

ಕೆಜಾಯ ಬ್ರೆಡ್ಡಿಗೆ ಹಂದಿಕೊಬ್ಬು ಸವರುತ್ತ ನಕ್ಕಳು. "ನಿಮ್ ಷರಾಯಿ ಕುಂಡಿ ತಿರುವಿಕೊಡ್ಲಾ? ಕೂತೂ ಕೂತೂ ಎರಡು ಕಡೆನೂ ಸವೆದಿದೆ. ನಿಮ್ ಹಳಿನೂ ಹನ್ನೆರಡು ವರ್ಷ ಕುರ್ಚಿ ಮೇಲೇ ಕೂತಿತ್ತಲ್ಲವೇನ್ರೀ!"

ಅವನೂ ನಕ್ಕ. ತಗ್ಗು ಬಿದ್ದದ್ದೇನೋ ಹಾಗೇ ಇರಬಹುದು. ಆದರೆ ಅದು ಮಟ್ಟವಾಗದೆ ದಿನೇ ದಿನೇ ಆಳವಾಗುವುದೇಕೆ?

ಈಗ ಅಂಗೈಗೆ ಒಂದು ತಗ್ಗಿನಂಚಿನಲ್ಲಿ ಕೂದಲೆಳೆಯಂಥ ಗೆರೆ ತಾಗಿತು. ಉಗುರಾಡಿಸಿದ. ಒಮ್ಮೆ ಸಿಕ್ಕಿತು, ಒಮ್ಮೆ ಸಿಗಲಿಲ್ಲ.

ಅಷ್ಟರಲ್ಲಿ ಗಾಡ್‌ಬಿಯ ಟ್ರಾಲಿ ಬಂತು. "ಏನಯ್ಯಾ ಹರೆಲ್, ಹಳಿಗೆ ನಾಡಿ ನೋಡ್ತಿದೀಯಾ? ಗಂಟೆಗೆ ನಲವತ್ತು ಮೈಲಿ ಓಡೋ ಎಕ್ಸ್‌ಪ್ರೆಸ್ ಬರೋ ಹೊತ್ತಾಯ್ತು."

"ಇಲ್ಲೊಂದು ಗೆರೆ ಇದೆ ಸಾಹೇಬ್ರೆ."

"ಬಿರುಕೋ, ಬರೀ ಗೀರೋ?"

"ಅದೇ ತಿಳೀತಿಲ್ಲ."

"ತಿಳೀತಿಲ್ಲ ಅಂತ ಮೇಸ್ತ್ರಿ ಅನ್ನೋದಾ! ಗಾಡಿ ತಡವಾದ್ರೆ ನಿನ್ನ ತಲೆಗೇ ಬರುತ್ತೆ. ಮನೇನೂ ನೆನಪಿಟ್ಕೋ. ಹೇಳು, ಎಷ್ಟು ವೇಗದಲ್ಲಿ ಬಿಡ್ಲಿ?"

ಜೇಬೆಜ್ ಮತ್ತೊಮ್ಮೆ ಉಗುರಾಡಿಸಿದ. ಈ ಸಲವೂ ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತಿಲ್ಲ. ತಿರುವಿದ ಕೋಟಿನ ಗುಂಡಿ ಹಾಕಿಕೊಂಡು ಎದ್ದು ನಿಂತ.

"ನಂಗೆ ತಿಳಿಯೋವರೆಗೂ, ಸಾಹೇಬ್ರೆ, ಗಂಟೆಗೆ ಹತ್ತು ಮೈಲಿ."