ಪೂಜೆಗೆ ಬಿಚ್ಚಿದ ಸ್ಕೋಪ್

ರೈಫಲ್ಲಿಗೆ ಕುಂಕುಮ ಹಚ್ಚಿದರೆ ಗುಂಡು ನೆಟ್ಟಗೆ ಹೋಗುತ್ತದೆಯೇ? ಐನಾಪುರದಲ್ಲಿರುವ ನಮ್ಮಣ್ಣನನ್ನು ಕೇಳಿ, "ಹೋಗದೆ ಏನು" ಅನ್ನುತ್ತಾನೆ. ಅವನ ಮಗಳು ಸವಿತಾಳನ್ನು ಮಾತ್ರ ಕೇಳಬೇಡಿ. ದಸರೆ ಮುಗಿದಾಗಿನಿಂದ ಅವಳು ಯಾರೊಡನೆಯೂ ಸರಿಯಾಗಿ ಮಾತಾಡಿಲ್ಲ.

ಅಣ್ಣನ ಮನೆಗೆ ರೈಫಲ್ಲು ಬಂದದ್ದು ಕಬ್ಬಿಗೆ ನುಗ್ಗುವ ಹಂದಿಗಳ ಕಾಟಕ್ಕೆ. ಲೈಸೆನ್ಸು ಅಣ್ಣನದು, ಗುರಿ ಸವಿತಾಳದು. ಅಪ್ಪನ ಜೊತೆ ಬೆಳಗಾವಿ ಹತ್ತಿರದ ಒಂದು ಶೂಟಿಂಗ್ ರೇಂಜಿಗೆ ಹೋಗಿ ಕಲಿತಳು. ದೂರದ ಗುರಿಗೆ ಬೇಕೆಂದು, ಟ್ಯೂಷನ್ ಹೇಳಿದ ದುಡ್ಡಲ್ಲಿ ರೈಫಲ್ಲಿನ ಮೇಲೆ ಕೂಡಿಸುವ ದುರ್ಬೀನು, ಅಂದರೆ ಸ್ಕೋಪ್, ಕೊಂಡಳು.

ಸ್ಕೋಪ್ ಕೂಡಿಸುವುದೆಂದರೆ ಮೂಗಿನ ಮೇಲೆ ಕನ್ನಡಕ ಏರಿಸಿದಂತೆ ಅಂದುಕೊಂಡಿದ್ದೆ. ಅಲ್ಲವಂತೆ. ಒಳಗಿನ ಅಡ್ಡಗೆರೆ ಚೂರೂ ವಾಲಬಾರದು. ಅದನ್ನು ಹಿಡಿದಿಡುವ ರಿಂಗುಗಳ ಸ್ಕ್ರೂಗಳನ್ನು ಈ ಕಡೆ ಒಂಚೂರು, ಆ ಕಡೆ ಒಂಚೂರು, ಸಮನಾಗಿ ಬಿಗಿಯಬೇಕು. ಆಮೇಲೆ ಹೊಡೆದು, ನೋಡಿ, ತಿರುಪು ತಿರುಗಿಸಿ, ಮತ್ತೆ ಹೊಡೆದು, ಗೆರೆ ತೋರಿಸಿದಲ್ಲೇ ಗುಂಡು ಬೀಳುವವರೆಗೆ ಬಿಡುವಂತಿಲ್ಲ. ಎಲ್ಲ ಮುಗಿದ ಮೇಲೆ ಸವಿತಾ, "ಅತ್ತಿ, ಇನ್ನ ಇದನ್ನ ಯಾರೂ ಅಳಗ್ಯಾಡಿಸಬಾರದ ನೋಡ್ರಿ" ಅಂದಿದ್ದಳು.

ದಸರೆಯ ಮರುದಿನ ರೇಂಜಿನಲ್ಲಿ ಸ್ಪರ್ಧೆ. ಗೆದ್ದರೆ ಅಲ್ಲಿನ ಕ್ಲಬ್ಬಿನ ತಂಡದಲ್ಲಿ ಜಾಗ. ಜಾಗ ಸಿಕ್ಕರೆ ಇನ್ನೊಂದು ವರ್ಷ ಮನೆಯಲ್ಲಿ ಮದುವೆಯ ಸುದ್ದಿ ಎತ್ತುವುದಿಲ್ಲವೆಂದು ಅಣ್ಣನೇ ಮಾತು ಕೊಟ್ಟಿದ್ದ.

ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಗೆ ನಾನೂ ಹೋಗಿದ್ದೆ. ಸವಿತಾ ಮುಟ್ಟಾಗಿ ಹೊರಗಿನ ಕೋಣೆಯಲ್ಲಿದ್ದಳು. (ಹೌದು, ಈಗಲೂ.) ಒಳಗೆ ಕುಡುಗೋಲು, ಕೊಡಲಿ, ಟ್ರ್ಯಾಕ್ಟರಿನ ಬೋಲ್ಟು ಬಿಗಿಯುವ ಪಾನಾಗಳ ಜೊತೆ ರೈಫಲ್ಲನ್ನೂ ಪೂಜೆಗೆ ಇಡುವ ತಯಾರಿ. ಅವಳು ಬಾಗಿಲಲ್ಲಿ ನಿಂತೇ ಹೇಳಿದಳು: "ಅಪ್ಪಾ, ಸ್ಕೋಪಿಗೆ ಏನೂ ಹಚ್ಚಬ್ಯಾಡ್ರಿ."

"ಹಚ್ಚೂದಿಲ್ಲ ಬಿಡವಾ" ಅಂದ ಅಣ್ಣ.

ಹಚ್ಚಲೂ ಇಲ್ಲ. ಕುಂಕುಮ ತಾಗಬಾರದೆಂದು ಸ್ಕೋಪನ್ನೇ ಬಿಚ್ಚಿ ಪಕ್ಕಕ್ಕಿಟ್ಟ. ರೈಫಲ್ಲು ಒರೆಸಿ, ಕುಂಕುಮವಿಟ್ಟು, ಚೆಂಡುಹೂ ಏರಿಸಿದ. (ನನಗೆ ತಿಳಿದದ್ದು ಆಮೇಲೆ.)

ಪೂಜೆಗಿಟ್ಟ ಆಯುಧವನ್ನು ಬನ್ನಿ ಹಂಚುವವರೆಗೆ ಎತ್ತುವಂತಿಲ್ಲ. ಮುಟ್ಟಾದವಳು ತಲೆಗೆ ನೀರು ಹಾಕಿಕೊಳ್ಳುವವರೆಗೆ ಅತ್ತ ಸುಳಿಯುವಂತಿಲ್ಲ. ದಶಮಿಯ ಸಂಜೆ ಅಣ್ಣನೇ ಸ್ಕೋಪನ್ನು ಮತ್ತೆ ಕೂಡಿಸಿ, ತನಗೆ ತಿಳಿದಷ್ಟು ಬಿಗಿದು, ಪೆಟ್ಟಿಗೆಯಲ್ಲಿಟ್ಟ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ?

ಮರುದಿನ ತಲೆಗೆ ನೀರು ಹಾಕಿಕೊಂಡು ಅಣ್ಣನ, ನನ್ನ ಜೊತೆ ನೇರ ಹೊರಟ ಸವಿತಾ ಪೆಟ್ಟಿಗೆ ತೆರೆದದ್ದು ರೇಂಜಿನಲ್ಲೇ. ಮೊದಲ ಗುಂಡು ಎಡಕ್ಕೆ ಹೋಯಿತು. ತಿರುಪು ಸರಿಮಾಡಿದಳು. ಮುಂದಿನದು ಮೇಲಕ್ಕೆ. ಮತ್ತೆ ಸರಿಮಾಡಿದಳು, ಅದು ಇನ್ನೆಲ್ಲೋ. ತನ್ನ ಗುರಿಯೇ ತಪ್ಪುತ್ತಿದೆ ಅಂದುಕೊಂಡಳಂತೆ ಹುಡುಗಿ. ಸಮಯ ಮುಗಿದ ಮೇಲೆ ಸ್ಕೋಪನ್ನು ಬೆರಳಿಂದ ಒತ್ತಿ ನೋಡಿದಳು. ಅಲುಗಾಡಿತು. ರಿಂಗಿನ ಅಡಿಯಲ್ಲಿ ಕುಂಕುಮವಿತ್ತು.

"ಅಪ್ಪಾ, ಇದನ್ನ ಬಿಚ್ಚಿದ್ರೇನ್ರಿ?"

"ಹೂಂನವಾ. ಮತ್ತ ಇದ್ದಲ್ಲೇ ಕೂಡ್ಸೀನಲ್ಲ."

ಅವಳು ಅಳಲಿಲ್ಲ. ನನಗೇ ಸಿಟ್ಟಿಗೆ ಕಣ್ಣೀರು ಬಂತು. ಟ್ರ್ಯಾಕ್ಟರಿನ ಇಂಜಿನ್ ಬಿಚ್ಚಿಟ್ಟು ಯಾರಾದರೂ ಪೂಜೆ ಮಾಡುತ್ತಾರೆಯೇ? ಇಲ್ಲ, ಅದು ಕೆಲಸದ ವಸ್ತು. ಮಗಳದ್ದಾದರೆ ಹವ್ಯಾಸ, ಬಿಚ್ಚಬಹುದು, ಕೂಡಿಸಬಹುದು. ನಮ್ಮ ಹುಡುಗಿಯರ ಕೆಲಸ ಕೆಡಿಸಲು ಶತ್ರುಗಳು ಬೇಕಿಲ್ಲ. "ಬಿಡವಾ" ಅನ್ನುವ, ಪ್ರೀತಿಯ ಅಪ್ಪಂದಿರು ಸಾಕು.

ವಾಪಸ್ ಬರುವಾಗ ಅಣ್ಣ ಫೋನಿನಲ್ಲಿ ಅತ್ತಿಗೆಗೆ ಹೇಳುತ್ತಿದ್ದ: "ಮುಟ್ಟಾಗಿ ಬಾಗಲಾಗ ನಿಂತ ಮಾತಾಡಿದ್ಲಲ್ಲ, ಪೂಜಾ ಅಲ್ಲೇ ಕೆಟ್ಟೈತಿ. ಅಸೂ ದೇ, ಇರ್ಲಿ ಬಿಡು, ಆ ರಾಯಬಾಗದವರಿಗೆ ಬರ್ರಿ ಅಂತ ಹೇಳಿಬಿಡು."

ಹಿಂದಿನ ಸೀಟಿನಲ್ಲಿ ಕೂತ ಸವಿತಾಳಿಗೆ ಅದು ಕೇಳಿಸಿತು. ಕಿಟಕಿಯ ಕಡೆ ಮುಖ ತಿರುಗಿಸಿದಳು.

ಭಾನುವಾರ ರಾಯಬಾಗದಿಂದ ಗಂಡಿನ ಕಡೆಯವರು ಬರುತ್ತಿದ್ದಾರೆ. ಸ್ಕೋಪ್ ಬಿಚ್ಚಿದವನು ಅಪ್ಪ. ಚಹಾದ ಟ್ರೇ ಹಿಡಿದು ಅವರ ಮುಂದೆ ನಿಲ್ಲಬೇಕಾದವಳು ಮಾತ್ರ ಮಗಳು ಯಾಕೆ?