ಟೇಲರ್ ಮಾಮಾನ ಹಸಿರು ಬೀಗರು

ಜೇವರ್ಗಿಯ ನಮ್ಮ ಟೇಲರ್ ಮಾಮಾ ಭಾನುವಾರ ನಮ್ಮೊಂದಿಗೆ ದಾಳ ಉರುಳಿಸುವ ಕಥೆಯಾಟಕ್ಕೆ ಕೂರುತ್ತಿದ್ದರು. ಕೊರಳಲ್ಲಿ ಟೇಪು, ಬಾಯಲ್ಲಿ ಸದಾ "ಅವಸರ ಬ್ಯಾಡ್ರಿ". ಕಥೆ ನಡೆಸುವವನು ನಾನು. ಒಂದು ಭಾನುವಾರ ಕಥೆಯಲ್ಲಿ ರಾಜನ ಸೈನ್ಯ ಕಪ್ಪೆಮುಖದ ಜನರ ಕೇರಿ ಸುಡಲು ಬಂದಿತ್ತು. ಆ ಜನರ ಬದಲಿಗೆ ಮೇಜಿನ ಮೇಲೆ ಅಂಗಿಯ ಹಸಿರು ಗುಂಡಿಗಳನ್ನಿಟ್ಟಿದ್ದೆವು. ಮಾಮಾ ಆಡಿಸುತ್ತಿದ್ದ ವೀರ ಕತ್ತಿ ಹಿರಿಯದೆ ಅಡ್ಡ ನಿಂತ.

"ಯಾರ್ಲೇ ಇವರು?" ಸೇನಾಪತಿಯಾಗಿ ಗುಡುಗಿದೆ.

"ನಮ್ಮ ಬೀಗರ್ರಿ. ಮದಿವಿಗಿ ಬಂದಾರ."

"ಮಾರಿ ಯಾಕ ಹಸರ?"

"ಅರಿಶಿಣ ತೀರಿತ್ರಿ, ಮೆಹಂದಿ ಹಚ್ಚೇವಿ."

ಸುಳ್ಳು ದಕ್ಕಲು ಇಪ್ಪತ್ತು ಮುಖದ ದಾಳದಲ್ಲಿ ಹದಿನೈದಾದರೂ ಬೀಳಬೇಕಿತ್ತು. ಬಿದ್ದದ್ದು ಎರಡು. ಮಾಮಾ ಎದ್ದವರೇ ಗುಂಡಿಗಳನ್ನೆಲ್ಲ ಬಾಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ಈಗ ಸುಡ್ರಿ ನೋಡೂನು."

ಆಟದಲ್ಲಿ ಅಂಥ ನಿಯಮವಿರಲಿಲ್ಲ. ಆದರೆ ಅವರ ಜೇಬಿಗೆ ಕೈಹಾಕುವ ಧೈರ್ಯ ನನ್ನ ಸೈನ್ಯಕ್ಕೂ ಇರಲಿಲ್ಲ.