ಸೊಸೈಟಿ ಚುನಾವಣೆಗೆ ಅಪ್ಪನ ಕೋವಿ ಒಳಗೆ

ಕಳೆದ ವಾರ ಅಪ್ಪ ತಮ್ಮ ಕೋವಿಯನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಬಸ್ ಹತ್ತಿದರು. ಠಾಣೆಗೆ ಒಪ್ಪಿಸಿ ಬರಿಗೈಯಲ್ಲಿ ವಾಪಸ್ ಬಂದರು.

ಬೆಳೆ ರಕ್ಷಣೆಗೆಂದು ಲೈಸೆನ್ಸ್ ಕೊಟ್ಟ ಒಂಟಿ ನಳಿಗೆಯ ಕೋವಿ ಅದು. ಜೋಳದ ಹೊಲಕ್ಕೆ ಮಂಗ ಇಳಿದರೆ ಆಕಾಶಕ್ಕೊಂದು ಈಡು, ಅಷ್ಟೇ ಅದರ ಕೆಲಸ. ಲೋಕಸಭೆ, ವಿಧಾನಸಭೆ ಚುನಾವಣೆಗೆ ಕೋವಿ ಠಾಣೆಯಲ್ಲಿಡುವುದು ಸಾಗರದಿಂದ ತೀರ್ಥಹಳ್ಳಿಯವರೆಗೆ ಎಲ್ಲರಿಗೂ ರೂಢಿ. ಆದರೆ ಇದು ನಮ್ಮೂರ ಸಹಕಾರಿ ಸೊಸೈಟಿ ಚುನಾವಣೆ.

"ಸೊಸೈಟಿಗೂ ಕೋವಿ ಇಡ್ಬೇಕಾ ಅಪ್ಪ?"

"ಕೋರ್ಟೇ ಹೇಳಿದ್ಯಂತೆ ಮಾರಾಯ್ತಿ. ಸ್ಟೇಷನ್ನಿಂದ ಫೋನ್ ಬಂತು, ಕೊಟ್ಟು ಬಂದೆ."

ಕೋರ್ಟಿನ ಮೊರೆ ಹೋದವರು ನಮ್ಮ ಕಡೆಯವರೇ. ಕಳೆದ ಸಲ ಮತಪೆಟ್ಟಿಗೆಯ ಎದುರೇ ಹೊಡೆದಾಟವಾಗಿತ್ತು. ಈ ಸಲ ಹಾಲಿ ಅಧ್ಯಕ್ಷರ ವಿರುದ್ಧ ಒಬ್ಬರೇ ನಿಂತಿರುವ ಸುಶೀಲಕ್ಕ ಅದಕ್ಕೇ ಭದ್ರತೆ ಕೇಳಿದ್ದು. ಅವರ ನಾಮಪತ್ರಕ್ಕೆ ಸೂಚಕರಾಗಿ ಸಹಿ ಹಾಕಿದವರು ನಮ್ಮಪ್ಪ.

ಆದೇಶದ ಪ್ರತಿ ತರಿಸಿಕೊಂಡು ಓದಿದೆ. (ಮನೆಯ ಮೊದಲ ಡಿಗ್ರಿ ನನ್ನದು. ದಿನಾ ಎರಡು ಬಸ್ ಬದಲಿಸಿ ಓದಿದ್ದು. ಇಂಥ ಹೊತ್ತಿಗೆ ಬಳಸದಿದ್ದರೆ ಇನ್ಯಾವಾಗ?) ಮತಗಟ್ಟೆಗೆ ಪೊಲೀಸ್ ಕಾವಲು, ಒಳಗೆ ಕ್ಯಾಮೆರಾ, ಎಣಿಕೆಗೆ ವಿಡಿಯೋ. ಎರಡೆರಡು ಸಲ ಹುಡುಕಿದೆ. ಕೋವಿಯ ಮಾತೇ ಇಲ್ಲ.

ಮರುದಿನ ಠಾಣೆಗೆ ಹೋದೆ.

"ಕೋವಿ ತರ್ಸಿದ್ದಕ್ಕೆ ಲಿಖಿತ ಆದೇಶ ಇದ್ಯಾ ಸಾರ್?"

"ಮೇಲಿಂದ ಹೇಳಿದಾರೆ ಮೇಡಂ," ಎಂದರು ರಿಜಿಸ್ಟರ್ ಬರೆಯುತ್ತಿದ್ದ ಪೇದೆ.

"ಮೇಲೆ ಅಂದ್ರೆ ಯಾರು?"

ಅವರು ಫ್ಯಾನ್ ನೋಡಿದರು.

ರಿಜಿಸ್ಟರ್ ತೆರೆದೇ ಇತ್ತು. ನಮ್ಮೂರಿನ ನಾಲ್ಕು ಹೆಸರು. ನಾಲ್ಕೂ ಸುಶೀಲಕ್ಕನ ಪರ ಓಡಾಡುವವರದ್ದು.

"ಅಧ್ಯಕ್ಷರದ್ದೂ ಒಂದು ಕೋವಿ ಇತ್ತಲ್ಲ?"

"ಅವ್ರಿಗೆ ಕಾಡುಪ್ರಾಣಿ ಕಾಟ ಇದ್ಯಂತೆ."

ಅಧ್ಯಕ್ಷರ ಮನೆ ಪೇಟೆಯ ಬಸ್ ಸ್ಟ್ಯಾಂಡಿನೆದುರು, ಬಟ್ಟೆ ಅಂಗಡಿಯ ಮಹಡಿಯಲ್ಲಿ. ಅಲ್ಲಿಗೆ ಯಾವ ಪ್ರಾಣಿ ಮೆಟ್ಟಿಲು ಹತ್ತಿ ಬರುತ್ತದೋ!

ನನ್ನದು ಸುಮ್ಮನೆ ಅನುಮಾನದ ಬುದ್ಧಿಯೇನೋ ಅಂದುಕೊಂಡೆ. ಎರಡೇ ದಿನ. ಅಧ್ಯಕ್ಷರ ಬಲಗೈ ಬಂಟ ಬೈಕಿನಲ್ಲಿ ನಮ್ಮ ಹೊಲಕ್ಕೇ ಬಂದ. ಅಪ್ಪ ಎಣ್ಣೆ ಡಬ್ಬ ಬಡಿದು ಮಂಗ ಓಡಿಸುತ್ತಿದ್ದರು.

"ಎಂತ ಗೌಡ್ರೇ, ಡಬ್ಬಕ್ಕೆಲ್ಲ ಮಂಗ ಹೆದರ್ತಾವಾ?"

"ನೀನು ಬಂದ ವಿಷ್ಯ ಹೇಳು."

"ಸುಶೀಲಮ್ಮನ ನಾಮಪತ್ರದಲ್ಲಿರೋ ಸಹಿ ನಂದಲ್ಲ ಅಂತ ಒಂದ್ ಚೀಟಿ ಬರ್ಕೊಡಿ. ಸಂಜೆಯೊಳಗೆ ಕೋವಿ ಮನೇಲಿರ್ತದೆ."

ನಾಮಪತ್ರಗಳ ಪರಿಶೀಲನೆ ಇನ್ನೂ ಬಾಕಿಯಿತ್ತು. ಸೂಚಕರೇ ಸಹಿ ತಮ್ಮದಲ್ಲ ಎಂದರೆ ನಾಮಪತ್ರ ಉಳಿಯುವುದೇ? ಅಧ್ಯಕ್ಷರು ಅವಿರೋಧ. ಮತ್ತೆ ಪೊಲೀಸ್ ಯಾಕೆ, ಕ್ಯಾಮೆರಾ ಯಾಕೆ, ಮತದಾನವಾದರೂ ಯಾಕೆ?

ಅಪ್ಪ ಹೊಲದ ಕಡೆ ಒಮ್ಮೆ ನೋಡಿದರು. ಜೋಳ ಹಾಲು ತುಂಬುವ ಹೊತ್ತು. ವರ್ಷದ ದುಡಿಮೆ.

"ಸಹಿ ನಂದೇ ಮಾರಾಯ. ಅನುಮಾನ ಇದ್ರೆ ಪೆನ್ನು ಕೊಡು, ಇನ್ನೊಂದ್ಸಲ ಹಾಕಿ ತೋರಿಸ್ತೀನಿ."

ಬೈಕು ತಿರುಗಿ ಹೋಯಿತು. ಇಷ್ಟು ಮಾತು ಮುಗಿಯುವಷ್ಟರಲ್ಲಿ ಮಂಗಗಳು ಎರಡು ಸಾಲು ಮುಗಿಸಿದ್ದವು. ನಾನಿದನ್ನು ಬರೆಯುವ ಹೊತ್ತಿಗೆ ಅರ್ಧ ಹೊಲ ಹೋಗಿದೆ. ಸುಶೀಲಕ್ಕ ಕಣದಲ್ಲಿದ್ದಾರೆ.

ಈಗ ನೀವೇ ಹೇಳಿ, ಅಧ್ಯಕ್ಷರಿಗೆ ಹೆದರಿಕೆಯಿದ್ದದ್ದು ಅಪ್ಪನ ಕೋವಿಯದ್ದಾ, ಸಹಿಯದ್ದಾ?